ಸತು-ವಾಯು ವಿದ್ಯುತ್ಕೋಶವೂ ಅದರ ಕ್ರಿಯಾವರ್ಧಕಗಳೂ

ವಿದ್ಯುಚ್ಛಕ್ತಿಯನ್ನು ಸಂಗ್ರಹಿಸುವ ಸಾಧನಗಳಲ್ಲಿ ಲೋಹ-ವಾಯು ಕೋಶಗಳಿಗೆ ಒಂದು ವೈಶಿಷ್ಟ್ಯವುಂಟು. ಇವುಗಳ ಒಂದು ಧ್ರುವವು ಲೋಹ. ಇನ್ನೊಂದು ಧ್ರುವದಲ್ಲಿ ವರ್ತಿಸುವ ದ್ರವ್ಯವು ಹೊರಗಿನ ಗಾಳಿಯಲ್ಲಿರುವ ಆಮ್ಲಜನಕವೇ. ಅದನ್ನು ಕೋಶವು ಹೊರಬೇಕಾಗಿಲ್ಲವಾದುದರಿಂದ ತೂಕಕ್ಕೆ ಹೋಲಿಸಿದರೆ ಶಕ್ತಿ ಅಧಿಕ. ಸತುವಿನ ಇಂತಹ ಕೋಶಗಳು ಶ್ರವಣಸಾಧನಗಳಲ್ಲಿ ಬಳಕೆಯಲ್ಲಿವೆ; ಆದರೆ ಅವು ಒಮ್ಮೆ ಬರಿದಾದರೆ ಬಿಸುಡತಕ್ಕವು. ಅವನ್ನು ಮರಳಿ, ಅದರಲ್ಲಿಯೂ ಶೀಘ್ರವಾಗಿ, ತುಂಬುವುದು ಏಕೆ ಕಷ್ಟವೆಂಬುದನ್ನು ಇಲ್ಲಿ ವಿಚಾರಿಸೋಣ.

ಕೋಶವು ವಿದ್ಯುತ್ತನ್ನು ಕೊಡುವಾಗ ಆಮ್ಲಜನಕದ ಅಣುವೊಂದು ನಾಲ್ಕು ಎಲೆಕ್ಟ್ರಾನುಗಳನ್ನು ಪಡೆದು, ನೀರಿನೊಡನೆ ಕೂಡಿ ಹೈಡ್ರಾಕ್ಸೈಡ್ ಆಗುತ್ತದೆ. ತುಂಬುವಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯಬೇಕು. ಸಿದ್ಧಾಂತದಂತೆ ಕೋಶದ ವಿಭವವು ಸುಮಾರು 1.66 ವೋಲ್ಟ್. ಆದರೆ ವ್ಯವಹಾರದಲ್ಲಿ ಅದು ಕೊಡುವುದು ಸುಮಾರು 1.2, ತುಂಬಲು ಬೇಡುವುದು ಸುಮಾರು 2.0. ಎಂದರೆ, 100 ಭಾಗ ಶಕ್ತಿಯನ್ನು ಹಾಕಿದರೆ ಹಿಂದಿರುಗುವುದು 60 ಭಾಗ ಮಾತ್ರ. ಈ ನಷ್ಟದ ಬಹುಪಾಲು ವಾಯುಧ್ರುವದಲ್ಲಿಯೇ ಆಗುತ್ತದೆ. ಪ್ರವಾಹವನ್ನು ಹತ್ತುಪಟ್ಟು ಹೆಚ್ಚಿಸಿದಾಗಲೆಲ್ಲ ಹೆಚ್ಚುವರಿ ವಿಭವವು ಒಂದು ನಿಯತ ಪ್ರಮಾಣದಲ್ಲಿ ಏರುವುದರಿಂದ, ತ್ವರೆಮಾಡಿದಷ್ಟೂ ನಷ್ಟವು ಬೆಳೆಯುತ್ತದೆ. ಕ್ರಿಯಾವರ್ಧಕದ ಅವಶ್ಯಕತೆ ಇಲ್ಲಿಯೇ.

1912ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಪಾಲ್ ಸಬಾಟ್ಯೇ ಅವರ ಹೆಸರಿನ ತತ್ತ್ವದಂತೆ, ಕ್ರಿಯಾವರ್ಧಕವು ಮಧ್ಯವರ್ತಿ ದ್ರವ್ಯಗಳನ್ನು ಅತಿ ಬಿಗಿಯಾಗಿಯೂ ಹಿಡಿಯಬಾರದು, ಅತಿ ಸಡಿಲವಾಗಿಯೂ ಹಿಡಿಯಬಾರದು. ಇಲ್ಲಿ ಹೈಡ್ರಾಕ್ಸಿಲ್ ಮತ್ತು ಹೈಡ್ರೋಪೆರಾಕ್ಸಿಲ್ ಎಂಬ ಎರಡು ಮಧ್ಯವರ್ತಿಗಳು ಮುಖ್ಯ. ಇವುಗಳ ಶಕ್ತಿಯ ಅಂತರವು 2.46 ಎಲೆಕ್ಟ್ರಾನ್-ವೋಲ್ಟ್ ಇದ್ದರೆ ಆದರ್ಶ. ಬಹುತೇಕ ಲೋಹಗಳಲ್ಲಿಯೂ ಆಕ್ಸೈಡುಗಳಲ್ಲಿಯೂ ಅದು ಸುಮಾರು 3.2. ಎರಡೂ ಒಂದೇ ಬಗೆಯ ಆಮ್ಲಜನಕ ಬಂಧದಿಂದ ಮೇಲ್ಮೈಗೆ ಅಂಟುವುದರಿಂದ, ಒಂದನ್ನು ಬಿಗಿಗೊಳಿಸಿದರೆ ಇನ್ನೊಂದೂ ಬಿಗಿಯಾಗುತ್ತದೆ. ಅಂತರವು ಮಾತ್ರ ಕುಗ್ಗದು. ಈ ಹೆಚ್ಚಳದ ಅರ್ಧ, ಸುಮಾರು 0.37 ವೋಲ್ಟ್, ಸಾಮಾನ್ಯ ಮೇಲ್ಮೈಗಳು ತೆರಲೇಬೇಕಾದ ಸುಂಕ.

ಪ್ಲಾಟಿನಮ್ ಆಮ್ಲಜನಕವನ್ನು ಅಪಕರ್ಷಿಸುವುದರಲ್ಲಿ ಸಮರ್ಥ. ಅದನ್ನು ಬಿಡುಗಡೆಮಾಡುವುದರಲ್ಲಿ ಇರಿಡಿಯಮ್ ಆಕ್ಸೈಡ್ ಮೇಲು. ಎರಡೂ ದುರ್ಲಭ. 2011ರಲ್ಲಿ ಬೇರಿಯಮ್, ಸ್ಟ್ರಾನ್ಷಿಯಮ್, ಕೋಬಾಲ್ಟ್, ಕಬ್ಬಿಣಗಳ ಒಂದು ಪೆರೊವ್‌ಸ್ಕೈಟ್ ಆಕ್ಸೈಡು ಆಮ್ಲಜನಕದ ಬಿಡುಗಡೆಯಲ್ಲಿ ಇರಿಡಿಯಮ್ ಆಕ್ಸೈಡಿಗಿಂತ ಹತ್ತುಪಟ್ಟಾದರೂ ಚುರುಕೆಂದು ಪ್ರಕಟವಾಯಿತು. ಆದರೆ ಕ್ರಿಯೆಯ ಕಾಲದಲ್ಲಿ ಅದರ ಮೇಲ್ಮೈಯು ತನ್ನ ಸ್ಫಟಿಕರಚನೆಯನ್ನು ಕಳೆದುಕೊಳ್ಳುವುದು ಮರುವರ್ಷವೇ ಕಂಡುಬಂದಿತು. ಕ್ರಿಯಾವರ್ಧಕಕ್ಕೆ ಆಧಾರವಾದ ಇಂಗಾಲವೂ ತುಂಬುವ ವಿಭವದಲ್ಲಿ ಮೆಲ್ಲನೆ ಉತ್ಕರ್ಷಣಗೊಂಡು ಸವೆಯುತ್ತದೆ. ಚುರುಕು ಬೇರೆ, ಬಾಳಿಕೆ ಬೇರೆ.

ಒಂದೇ ಮೇಲ್ಮೈಗೆ ಎರಡು ವಿರುದ್ಧ ಕಾರ್ಯಗಳನ್ನು ಹೊರಿಸಿದುದೇ ಈ ಕ್ಲೇಶದ ಒಂದು ಮೂಲ. ಆದಕಾರಣ ಕೆಲವರು ಗಾಳಿಯನ್ನು ಸೇವಿಸಲು ಒಂದು ಧ್ರುವವನ್ನೂ, ತುಂಬುವುದಕ್ಕೆ ನಿಕಲ್-ಕಬ್ಬಿಣದ ಹೈಡ್ರಾಕ್ಸೈಡ್ ಲೇಪಿಸಿದ ಇಂಗಾಲರಹಿತ ಲೋಹಜಾಲರಿಯ ಇನ್ನೊಂದು ಧ್ರುವವನ್ನೂ ಬೇರೆಬೇರೆಯಾಗಿ ಇರಿಸುತ್ತಾರೆ. ಕೋಶದ ತೂಕವು ಸ್ವಲ್ಪ ಹೆಚ್ಚಿದರೂ, ತುಂಬುವಾಗಿನ ಉಗ್ರ ವಿಭವವು ಮೊದಲನೆಯ ಧ್ರುವವನ್ನು ಮುಟ್ಟುವುದಿಲ್ಲ. ಶೀಘ್ರವಾಗಿ ತುಂಬುವ ಕೋಶವನ್ನು ಬಯಸುವವರು ಕ್ರಿಯಾವರ್ಧಕದ ಮೊದಲ ದಿನದ ವೇಗವನ್ನು ಮಾತ್ರವಲ್ಲದೆ, ಸಾವಿರ ಸಲ ತುಂಬಿ ಬರಿದುಮಾಡಿದ ಮೇಲೆ ಉಳಿಯುವ ವೇಗವನ್ನೂ ಅಳೆಯಬೇಕು.