ನಿಮ್ಮ ಲೋಟದ ನೀರು ಯಾವ ಊರಿನ ಕೈಯಲ್ಲಿದೆ?

ಆರೋಗ್ಯ ಕಾಪಾಡಲು ಆರು ವಿಷಯಗಳಲ್ಲಿ ಎಚ್ಚರ ಬೇಕು ಎನ್ನುತ್ತದೆ ಯುನಾನಿ ವೈದ್ಯಶಾಸ್ತ್ರ. ಗಾಳಿ, ಆಹಾರ ಮತ್ತು ನೀರು, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಉದ್ವೇಗ ಮತ್ತು ನೆಮ್ಮದಿ, ನಿದ್ರೆ ಮತ್ತು ಎಚ್ಚರ, ಕೊನೆಯದಾಗಿ ದೇಹದಲ್ಲಿ ಉಳಿಯಬೇಕಾದದ್ದು ಉಳಿದು ಹೋಗಬೇಕಾದದ್ದು ಹೋಗುವುದು. ಇವಕ್ಕೆ 'ಅಸ್ಬಾಬೆ ಸಿತ್ತಾ ಝರೂರಿಯ್ಯಾ' ಎಂದು ಹೆಸರು. ಈ ಪುಟಗಳನ್ನು ಓದುವವರಿಗೆ ಇದು ಹೊಸತಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ನಿದ್ರೆ, ನಡಿಗೆ, ಊಟದ ಮಿತಿ ಇವೆಲ್ಲ ಬಹುಮಟ್ಟಿಗೆ ನಿಮ್ಮ ಕೈಯಲ್ಲಿವೆ. ಗಾಳಿ ಮತ್ತು ನೀರು ಹಾಗಲ್ಲ. ನೀವು ಎಷ್ಟೇ ಶಿಸ್ತಿನವರಾದರೂ ಅವು ಪಕ್ಕದ ಊರಿನಿಂದ ಬರುತ್ತವೆ. ನಿಮ್ಮ ಪುರಸಭೆಯ ಕೈಯಲ್ಲೂ ಅವು ಪೂರ್ತಿಯಾಗಿ ಇಲ್ಲ.

ನೇತ್ರಾವತಿಯನ್ನೇ ನೋಡಿ. ಘಟ್ಟದಿಂದ ಇಳಿದು ಬರುವ ಈ ನದಿಗೆ ಉಪ್ಪಿನಂಗಡಿಯಲ್ಲಿ ಕುಮಾರಧಾರಾ ಸೇರುತ್ತದೆ. ಮುಂದೆ ಬಂಟ್ವಾಳ, ಪಾಣೆಮಂಗಳೂರು ದಾಟಿ ತುಂಬೆಗೆ ಬರುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತ ನೀರೇ ಮಂಗಳೂರು ನಗರದ ನಳ್ಳಿಗಳಿಗೆ ಹೋಗುತ್ತದೆ. ಉಳ್ಳಾಲ ಮತ್ತು ಮೂಲ್ಕಿಗೂ ಅಲ್ಲಿಂದ ನೀರು ಹೋಗುತ್ತದೆ. ಈಗ ಲೆಕ್ಕ ಹಾಕಿ. ಅಣೆಕಟ್ಟು ಇರುವುದು ಬಂಟ್ವಾಳ ತಾಲೂಕಿನಲ್ಲಿ. ನೀರು ಕುಡಿಯುವವರು ಬೇರೆ ಬೇರೆ ಸ್ಥಳೀಯ ಸಂಸ್ಥೆಗಳಿಗೆ ಸೇರಿದವರು. ನದಿಯ ಮೇಲ್ಭಾಗದಲ್ಲಿ ಪಟ್ಟಣಗಳೂ ಹತ್ತಾರು ಗ್ರಾಮ ಪಂಚಾಯತ್‌ಗಳೂ ಇವೆ. ಅಲ್ಲಿನ ಹೋಟೆಲು, ವಸತಿ ಸಂಕೀರ್ಣ, ಮಾರುಕಟ್ಟೆಗಳ ಕೊಳಚೆ ನೀರನ್ನು ಶುದ್ಧೀಕರಿಸದೆ ತೋಡಿಗೆ ಬಿಟ್ಟರೆ ಅದು ಇಳಿಜಾರಿನಲ್ಲಿ ಹೋಗಿ ಸೇರುವುದು ನದಿಯನ್ನೇ.

ಇದರಲ್ಲಿ ವೈದ್ಯನಿಗೇನು ಕೆಲಸ ಎನ್ನಬೇಡಿ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ಕಾಮಾಲೆ ಹೆಪಟೈಟಿಸ್ 'ಎ' ವೈರಸ್‌ನಿಂದ ಬರುತ್ತದೆ. ರೋಗಿಯ ಮಲದಲ್ಲಿರುವ ವೈರಸ್ ಇನ್ನೊಬ್ಬರ ಬಾಯಿಗೆ ನೀರು ಅಥವಾ ಆಹಾರದ ಮೂಲಕ ಹೋಗುವುದೇ ಇದರ ದಾರಿ. ಟೈಫಾಯ್ಡ್, ಕಾಲರಾದ ದಾರಿಯೂ ಅದೇ. ಕಾಮಾಲೆಯ ವೈರಸ್ ದೇಹ ಸೇರಿದ ಮೇಲೆ ಕಣ್ಣು ಹಳದಿಯಾಗಲು ಸುಮಾರು ನಾಲ್ಕು ವಾರ ಬೇಕು. ಹಳದಿ ಕಾಣುವ ಮೊದಲೇ ರೋಗಿ ವೈರಸ್ ಹೊರಹಾಕಲು ಶುರುಮಾಡಿರುತ್ತಾನೆ. ಮೇಲಿನ ಊರಿನಲ್ಲಿ ಯಾರಿಗೋ ರೋಗ ತಗಲಿದ್ದು ಕೆಳಗಿನ ಊರಿನ ಆಸ್ಪತ್ರೆಗೆ ಗೊತ್ತಾಗುವಾಗ ನಾವು ಬಹಳ ಹಿಂದೆ ಬಿದ್ದಿರುತ್ತೇವೆ.

ನೀರಿಗೆ ಕ್ಲೋರಿನ್ ಹಾಕುತ್ತಾರಲ್ಲ ಎಂದು ನೀವು ಕೇಳಬಹುದು. ಹಾಕುತ್ತಾರೆ, ಅದು ಕೆಲಸವನ್ನೂ ಮಾಡುತ್ತದೆ. ಆದರೆ ನೀರಿನಲ್ಲಿ ಕೊಳಚೆಯ ಅಂಶ ಹೆಚ್ಚಿದ್ದರೆ ಕ್ಲೋರಿನ್ನಿನ ಬಹುಪಾಲು ಆ ಕೊಳಚೆಗೇ ಖರ್ಚಾಗಿಬಿಡುತ್ತದೆ, ರೋಗಾಣುಗಳಿಗೆ ಉಳಿಯುವುದು ಕಡಿಮೆ. ಬೇಸಿಗೆಯಲ್ಲಿ ನದಿಯ ಹರಿವು ಇಳಿದಾಗ ಇದು ಇನ್ನೂ ಕಷ್ಟ. 2019 ಮತ್ತು 2023ರ ಬೇಸಿಗೆಗಳಲ್ಲಿ ತುಂಬೆಯ ಮಟ್ಟ ಇಳಿದು ಮಂಗಳೂರಿನಲ್ಲಿ ಸರದಿಯಂತೆ ನೀರು ಬಿಡಬೇಕಾಯಿತು. ಪೈಪು ಖಾಲಿ ಬಿದ್ದಾಗ ಸುತ್ತಲಿನ ಕೊಳಕು ನೀರು ಬಿರುಕುಗಳಿಂದ ಒಳಗೆ ಬರುತ್ತದೆ. ನೀರು ಬಂದ ಮೊದಲ ಹೊತ್ತಿನದನ್ನು ಕುಡಿಯಲು ಹಿಡಿಯಬೇಡಿ ಎಂದು ಹೇಳುವುದು ಇದಕ್ಕಾಗಿ. ಕುದಿಸುವಾಗಲೂ ಬಿಸಿಯಾದರೆ ಸಾಲದು. ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಇನ್ನೊಂದು ನಿಮಿಷ ಬಿಡಿ.

ಕಸದ ವಿಷಯವೂ ಹೀಗೆಯೇ. 2019ರ ಆಗಸ್ಟ್‌ನ ಭಾರೀ ಮಳೆಗೆ ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯದ ರಾಶಿ ಜಾರಿ, ಕೆಳಗಿನ ಮಂದಾರ ಪ್ರದೇಶದ ತೆಂಗು-ಕಂಗಿನ ತೋಟಗಳ ಮೇಲೆ, ಮನೆಗಳ ಮೇಲೆ ಬಿತ್ತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಪತ್ರಿಕೆಗಳಲ್ಲಿ ಚಿತ್ರ ಬಂದದ್ದು ಆ ಮನೆಗಳದು. ಹೆಚ್ಚು ಜನ ಗಮನಿಸದೆ ಹೋದದ್ದು, ಕಸದಿಂದ ಒಸರುವ ಕಪ್ಪು ರಸ ತೋಡುಗಳ ಮೂಲಕ ಫಲ್ಗುಣಿ ನದಿಯತ್ತ ಇಳಿದದ್ದು. ಅದೇ ನದಿಗೆ ಮರವೂರಿನಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ಸುತ್ತಲಿನ ಗ್ರಾಮಗಳಿಗೆ ಕುಡಿಯುವ ನೀರು ಕೊಡುತ್ತಾರೆ. ಕಸ ನಗರದ್ದು, ಲೋಟ ಹಳ್ಳಿಯದು. ನೇತ್ರಾವತಿಯಲ್ಲಿ ಮೇಲಿನವರ ಕೊಳೆ ನಗರಕ್ಕೆ ಬಂದರೆ ಇಲ್ಲಿ ನಗರದ ಕೊಳೆ ಗ್ರಾಮಕ್ಕೆ ಹೋಯಿತು.

ಹಾಗಾದರೆ ಊರುಗಳು ಒಟ್ಟಿಗೆ ಕುಳಿತು ಯೋಜನೆ ಮಾಡಲು ದಾರಿಯೇ ಇಲ್ಲವೇ? ಇದೆ, ಅದೂ ಸಂವಿಧಾನದಲ್ಲೇ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದು ಹೇಳುತ್ತದೆ. ಪಂಚಾಯತ್‌ಗಳು ಮತ್ತು ಪುರಸಭೆ, ನಗರಸಭೆಗಳು ಮಾಡಿದ ಯೋಜನೆಗಳನ್ನು ಒಂದುಗೂಡಿಸಿ ಇಡೀ ಜಿಲ್ಲೆಯ ಕರಡು ಯೋಜನೆ ತಯಾರಿಸುವುದು ಅದರ ಕೆಲಸ. ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಸಂರಕ್ಷಣೆ ಹೀಗೆ ಪಂಚಾಯತಿಗೂ ಪಟ್ಟಣಕ್ಕೂ ಸಮಾನವಾದ ವಿಷಯಗಳನ್ನು ಅದು ನೋಡಬೇಕೆಂದು ಸ್ಪಷ್ಟವಾಗಿ ಬರೆದಿದೆ. ಅದರ ಸದಸ್ಯರಲ್ಲಿ ಐದನೇ ನಾಲ್ಕು ಭಾಗಕ್ಕೆ ಕಡಿಮೆಯಿಲ್ಲದಷ್ಟು ಜನ ಜಿಲ್ಲಾ ಪಂಚಾಯತ್ ಮತ್ತು ನಗರ ಸಂಸ್ಥೆಗಳ ಚುನಾಯಿತ ಸದಸ್ಯರಿಂದಲೇ ಆಯ್ಕೆಯಾಗಬೇಕು. ಆದರೆ ಕರ್ನಾಟಕದ ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಚುನಾಯಿತ ಸದಸ್ಯರೇ ಇಲ್ಲದಾಗ ಆ ಸಮಿತಿಗೆ ಜೀವ ಎಲ್ಲಿಂದ ಬರಬೇಕು? ಜಿಲ್ಲಾ ಪಂಚಾಯತ್ ಚುನಾವಣೆ ಎಂದರೆ ರಾಜಕೀಯದವರ ವಿಷಯ ಎಂದು ನಾವು ಪುಟ ತಿರುಗಿಸುತ್ತೇವೆ. ನನ್ನ ಲೆಕ್ಕದಲ್ಲಿ ಅದು ಕಾಮಾಲೆಯ ವಿಷಯವೂ ಹೌದು.

ಕಸಕ್ಕೂ ಇಂಥ ದಾರಿ ಇದೆ. 2016ರ ಘನತ್ಯಾಜ್ಯ ನಿಯಮಗಳು, ಐದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳು ಸೇರಿ ಸಾಮೂಹಿಕ ಭೂಭರ್ತಿ ಘಟಕ ಮಾಡಿಕೊಳ್ಳಬೇಕೆಂದವು. ಸುಮಾರು 50 ಕಿ.ಮೀ. ವ್ಯಾಪ್ತಿಯ ಊರುಗಳ ಗುಂಪಿಗೆ ಒಂದು ಘಟಕ, ಖರ್ಚು ಹಂಚಿಕೆಯ ಮೇಲೆ. ಇದರ ಹಿಂದೆ ಒಳ್ಳೆಯ ಕಾರಣವಿದೆ. ಅಂಥ ಜಾಗ ನದಿಯಿಂದ 100 ಮೀಟರ್, ಮನೆಗಳಿಂದ ಮತ್ತು ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರ ಇರಬೇಕು. ಮನೆಗೊಂದು ಬಾವಿ ಇರುವ ಕರಾವಳಿಯಲ್ಲಿ ಪ್ರತಿ ಪುರಸಭೆಯೂ ಇಂಥ ಜಾಗ ಎಲ್ಲಿಂದ ತರಬೇಕು? ಆದರೂ ಒಂದು ಮಾತು ಹೇಳಲೇಬೇಕು. ಹಲವು ಊರುಗಳ ಕಸ ಒಂದು ಊರಿಗೆ ಹೋಗುವುದಾದರೆ ಆ ಊರಿನವರನ್ನು ಮೊದಲು ಕೇಳಬೇಕು. ಅವರ ಬಾವಿಗಳ ನೀರಿನ ಪರೀಕ್ಷೆ, ವೈದ್ಯಕೀಯ ತಪಾಸಣೆಯ ಖರ್ಚನ್ನು ಕಸ ಕಳಿಸುವ ಊರುಗಳು ಕೊಡಬೇಕು. ಅದಿಲ್ಲದೆ ಸಹಕಾರ ಎನ್ನುವುದು ಬಲಾಢ್ಯ ಊರು ತನ್ನ ಹೊರೆಯನ್ನು ಬಡ ಊರಿನ ತಲೆಗೆ ಕಟ್ಟಲು ಇಟ್ಟುಕೊಂಡ ಸಭ್ಯ ಹೆಸರಾಗುತ್ತದೆ.

ಈ ಸಹಕಾರ ನಡೆಯುವುದನ್ನು ನಾನು ನನ್ನ ಕ್ಲಿನಿಕ್ಕಿನಲ್ಲೇ ನೋಡುತ್ತೇನೆ. ಹಿಜಾಮ ಮಾಡಿದ ಮೇಲೆ ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕಪ್ ಕೆಂಪು ಚೀಲಕ್ಕೆ, ಬ್ಲೇಡ್ ಚುಚ್ಚಲಾಗದ ಬಿಳಿ ಡಬ್ಬಿಗೆ ಹೋಗುತ್ತದೆ. ಇವನ್ನು ಒಯ್ಯುವ ವಾಹನ ಪಾಲಿಕೆ, ಪುರಸಭೆ, ಪಂಚಾಯತ್ ಎಂದು ಗಡಿ ನೋಡುವುದಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ 75 ಕಿ.ಮೀ. ಒಳಗೆ ಸಾಮೂಹಿಕ ಘಟಕ ಇದ್ದರೆ ಯಾವ ಆಸ್ಪತ್ರೆಯೂ ತನ್ನದೇ ಸುಡುವ ಘಟಕ ಮಾಡುವಂತಿಲ್ಲ. ಪ್ರತಿ ಆಸ್ಪತ್ರೆಯ ಹಿತ್ತಲಲ್ಲಿ ಒಂದೊಂದು ಹೊಗೆಗೂಡು ಇದ್ದರೆ ನಮ್ಮ ಗಾಳಿ ಹೇಗಿರುತ್ತಿತ್ತು, ಯೋಚಿಸಿ. (ಮನೆಗೆ ಬಂದು ಹಿಜಾಮ ಮಾಡುವವರಿದ್ದಾರೆ. ಬ್ಲೇಡನ್ನು ಎಲ್ಲಿ ಹಾಕುತ್ತೀರಿ ಎಂದು ಅವರನ್ನು ಕೇಳಿ. ನಿಮ್ಮ ಮನೆಯ ಕಸದ ಬುಟ್ಟಿಗೇ ಹಾಕುವವರಾದರೆ ಬಾಗಿಲಿನಿಂದಲೇ ಕಳಿಸಿ.)

ಇದು ನಮ್ಮ ಕಾಲದ, ನಮ್ಮ ಕರಾವಳಿಯ ತೊಂದರೆ ಮಾತ್ರವಲ್ಲ. ಲಂಡನ್ ನಗರದಲ್ಲೂ ಒಂದು ಕಾಲಕ್ಕೆ ಪ್ರತಿ ಬಡಾವಣೆಗೂ ಪ್ರತ್ಯೇಕ ಆಡಳಿತ ಇತ್ತು, ಕೊಳಚೆ ಮಾತ್ರ ಒಂದೇ ಥೇಮ್ಸ್ ನದಿಗೆ ಹೋಗುತ್ತಿತ್ತು. 1855ರಲ್ಲಿ ಇವೆಲ್ಲದರ ಪ್ರತಿನಿಧಿಗಳನ್ನು ಸೇರಿಸಿ ಒಂದು ಮಂಡಳಿ ಮಾಡಿದರು. 1858ರ ಬೇಸಿಗೆಯಲ್ಲಿ ನದಿಯ ದುರ್ವಾಸನೆ ಪಾರ್ಲಿಮೆಂಟಿನ ಒಳಗೇ ನುಗ್ಗಿದ ಮೇಲೆ ಹಣವೂ ಬಂತು. ಜೋಸೆಫ್ ಬಾಜಲ್ಗೆಟ್ ಎಂಬ ಇಂಜಿನಿಯರ್ ಇಡೀ ನಗರಕ್ಕೆ ಒಂದೇ ಒಳಚರಂಡಿ ಜಾಲ ಕಟ್ಟಿದರು. 1866ರಲ್ಲಿ ಕಾಲರಾ ಮತ್ತೆ ಬಂದಾಗ ಹೆಚ್ಚಾಗಿ ಸತ್ತದ್ದು ನಗರದ ಪೂರ್ವ ಭಾಗದ ಬಡವರು, ಐದು ಸಾವಿರಕ್ಕೂ ಹೆಚ್ಚು ಜನ. ಜಾಲ ಇನ್ನೂ ಪೂರ್ಣಗೊಳ್ಳದೆ ಉಳಿದದ್ದು ಅಲ್ಲೇ.

ಇನ್ನು ನಮ್ಮ ಕೈಗೆ ಎಟಕುವ ಒಂದು ಕೆಲಸ, ಬಕ್ರೀದ್‌ನದು. ಕುರಿ, ಆಡುಗಳ ಯಕೃತ್ತು ಮತ್ತು ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳು ಕಾಣುತ್ತವೆ. ಅವು ಹೈಡಾಟಿಡ್ ಎಂಬ ಹುಳುವಿನ ಗುಳ್ಳೆಗಳಾಗಿರಬಹುದು. ಅಂಥ ಭಾಗವನ್ನು ನಾಯಿ ಹಸಿಯಾಗಿ ತಿಂದರೆ ಅದರ ಕರುಳಲ್ಲಿ ಹುಳು ಬೆಳೆಯುತ್ತದೆ, ಮಲದಲ್ಲಿ ಮೊಟ್ಟೆ ಹೊರಬರುತ್ತದೆ, ತರಕಾರಿ, ನೀರು, ಮಕ್ಕಳ ಕೈ ಮೂಲಕ ನಮ್ಮ ಹೊಟ್ಟೆ ಸೇರುತ್ತದೆ. ಮನುಷ್ಯನ ಯಕೃತ್ತಿನಲ್ಲಿ ಗುಳ್ಳೆ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ, ಎಷ್ಟೋ ಸಲ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಕರುಳು, ಕಲ್ಮಶಗಳನ್ನು ಎರಡು ಊರುಗಳ ಗಡಿಯ ಖಾಲಿ ಜಾಗಕ್ಕೋ ಸೇತುವೆ ಕೆಳಗೋ ಎಸೆಯುವವರು ಇದನ್ನು ತಿಳಿಯಬೇಕು. ನಾಯಿಗೆ ವಾರ್ಡಿನ ಗಡಿ ಗೊತ್ತಿಲ್ಲ.

ನಮ್ಮ ಜಮಾಅತ್‌ಗಳ ಗಡಿಯೂ ಸರಕಾರದ ಗಡಿಯೂ ಒಂದೇ ಅಲ್ಲ. ಒಂದೇ ಮಸೀದಿಗೆ ಸೇರಿದ ಅರ್ಧ ಮನೆಗಳು ಪುರಸಭೆಯಲ್ಲಿ, ಉಳಿದರ್ಧ ಪಂಚಾಯತಿಯಲ್ಲಿ ಇರುವುದು ಸಾಮಾನ್ಯ. ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಅಕ್ಕಪಕ್ಕದ ಮಸೀದಿ ಕಮಿಟಿಗಳು ಸೇರಿ ಒಂದೇ ಪತ್ರ ಬರೆಯಲಿ. ಪುರಸಭೆಯ ಮುಖ್ಯಾಧಿಕಾರಿಗೆ, ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ ಮತ್ತು ಇಬ್ಬರ ಪತ್ರದಲ್ಲೂ ಇನ್ನೊಬ್ಬರಿಗೆ ಪ್ರತಿ ಎಂದು ನಮೂದಿಸಿ. ಎಷ್ಟು ಪ್ರಾಣಿಗಳು, ಎಲ್ಲಿ ಸಂಗ್ರಹ, ಎಷ್ಟು ಗಂಟೆಗೆ ವಾಹನ, ಅದು ಹೋಗಿ ಇಳಿಸುವುದು ಎಲ್ಲಿ ಎಂಬುದು ಅದರಲ್ಲಿರಲಿ. ವಾಹನದ ಖರ್ಚನ್ನು ಯಾರು ಎಷ್ಟು ಕೊಡುವುದು ಎಂಬುದನ್ನೂ ಬರೆಯಲು ಮರೆಯಬೇಡಿ. ಎರಡು ಕಚೇರಿಗಳ ನಡುವೆ ಕೆಲಸ ನಿಂತುಹೋಗುವುದು ಹೆಚ್ಚಾಗಿ ಆ ಒಂದು ಸಾಲು ಇಲ್ಲದ ಕಾರಣಕ್ಕೆ.