ನಲವತ್ತಕ್ಕೆ ನಲವತ್ತೊಂದು: ಲಿಸ್ಪ್ ಎಂಬ ಗಣಕಭಾಷೆ

ಕೆಲವು ವರ್ಷಗಳ ಹಿಂದಿನ ಮಾತು. ಕಿರುಪರೀಕ್ಷೆಗಳ ಅಂಕಪಟ್ಟಿಯನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಅಂಟಿಸಿದ ಮರುದಿನ ನಮ್ಮ ತರಗತಿಯ ವಿದ್ಯಾರ್ಥಿನಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. “ಸರ್, ನನಗೆ ಅಂಕ ಜಾಸ್ತಿ ಬಂದಿದೆ” ಎಂದಳು. ಅಂಕ ಕಡಮೆಯಾಯಿತೆಂದು ಬರುವವರನ್ನು ನಾವು ಪ್ರತಿ ವರ್ಷವೂ ಕಾಣುತ್ತೇವೆ. ಹೆಚ್ಚಾಯಿತೆಂದು ಬಂದವಳು ಅವಳೊಬ್ಬಳೇ. ಪಟ್ಟಿಯನ್ನು ತೆಗೆದು ನೋಡಿದೆವು. ಗರಿಷ್ಠ ಅಂಕ ೪೦. ಅವಳ ಹೆಸರಿನ ಮುಂದೆ ೪೧ ಎಂದು ಮುದ್ರಿತವಾಗಿತ್ತು.

ಲೆಕ್ಕದ ನಿಯಮ ಸರಳವಾದುದು. ಇಪ್ಪತ್ತಿಪ್ಪತ್ತು ಅಂಕಗಳ ಮೂರು ಕಿರುಪರೀಕ್ಷೆಗಳು. ಅವುಗಳಲ್ಲಿ ಅತ್ಯಂತ ಕಡಮೆ ಬಂದುದನ್ನು ಬಿಟ್ಟು ಉಳಿದೆರಡನ್ನು ಕೂಡಿಸಬೇಕು. ಅವಳ ಅಂಕಗಳು ೧೫, ೧೨ ಮತ್ತು ೧೪. ಹನ್ನೆರಡನ್ನು ಬಿಟ್ಟರೆ ೨೯ ಬರಬೇಕಾಗಿತ್ತು. ಮೂರನ್ನೂ ಕೂಡಿಸಿದರೆ ಮಾತ್ರ ೪೧. ಆ ಪಟ್ಟಿಯನ್ನು ತಯಾರಿಸಿದ್ದು ಗಣಕಯಂತ್ರ. ಯಂತ್ರಕ್ಕೆ ಪ್ರೋಗ್ರಾಮನ್ನು ಬರೆದುಕೊಟ್ಟವರು ನಾವೇ.

ದೋಷವನ್ನು ಹುಡುಕಲು ಆ ಸಂಜೆಯೆಲ್ಲ ಬೇಕಾಯಿತು. ಪ್ರೋಗ್ರಾಮಿನಲ್ಲಿ ‘ಕನಿಷ್ಠ’ ಎಂಬ ಹೆಸರಿನ ಒಂದು ಪೆಟ್ಟಿಗೆಯನ್ನು ಇಟ್ಟಿದ್ದೆವು. ಮೊದಲಿಗೆ ಅದರಲ್ಲಿ ೨೦ ಎಂಬ ಸಂಖ್ಯೆ. ವಿದ್ಯಾರ್ಥಿಯ ಒಂದೊಂದು ಅಂಕವನ್ನೂ ಅದರೊಡನೆ ಹೋಲಿಸಿ, ಅಂಕ ಇನ್ನೂ ಚಿಕ್ಕದಾಗಿದ್ದರೆ ಪೆಟ್ಟಿಗೆಯಲ್ಲಿದ್ದುದನ್ನು ತೆಗೆದು ಅದನ್ನು ಇಡುವುದು. ಕೊನೆಯಲ್ಲಿ ಪೆಟ್ಟಿಗೆಯಲ್ಲಿ ಉಳಿದುದನ್ನು ಮೂರರ ಮೊತ್ತದಿಂದ ಕಳೆಯುವುದು. ಆದರೆ ಒಬ್ಬ ವಿದ್ಯಾರ್ಥಿಯ ಲೆಕ್ಕ ಮುಗಿದು ಇನ್ನೊಬ್ಬನದು ಆರಂಭವಾಗುವಾಗ ಪೆಟ್ಟಿಗೆಗೆ ಮತ್ತೆ ೨೦ನ್ನು ತುಂಬಬೇಕೆಂಬುದನ್ನು ಮರೆತಿದ್ದೆವು. ತರಗತಿಯಲ್ಲಿದ್ದವರು ೬೪ ಮಂದಿ. ಒಂಬತ್ತನೆಯ ಕ್ರಮಾಂಕದವನು ಒಂದು ಪರೀಕ್ಷೆಗೆ ಗೈರುಹಾಜರಾಗಿದ್ದ. ಅವನ ಸೊನ್ನೆ ಪೆಟ್ಟಿಗೆಯೊಳಗೆ ಹೋಗಿ ಅಲ್ಲಿಯೇ ನಿಂತಿತು. ಅವನ ನಂತರದ ೫೫ ಮಂದಿಗೂ ಕಳೆದದ್ದು ಆ ಸೊನ್ನೆಯನ್ನೇ! ಪರೀಕ್ಷೆಗಳು ಕಠಿಣವಾಗಿದ್ದುದರಿಂದ ೪೦ನ್ನು ದಾಟಿದವಳು ಅವಳೊಬ್ಬಳು. ಉಳಿದವರ ತಪ್ಪು ಅಂಕಗಳು ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತಿದ್ದುವು. ಪಟ್ಟಿಯನ್ನು ತಿದ್ದಿ ಅಂಟಿಸಿದಾಗ ಬಹುಮಂದಿಯ ಅಂಕ ಇಳಿಯಿತು. ಕೆಲವು ದಿನ ತರಗತಿಯವರಿಗೆ ಆ ಹುಡುಗಿಯ ಮೇಲೆ ಮುನಿಸಿತ್ತೆಂದು ಆಮೇಲೆ ತಿಳಿಯಿತು. ತಪ್ಪು ನಮ್ಮದು, ಮುನಿಸು ಅವಳಿಗೆ.

ಈ ಬಗೆಯ ತಪ್ಪಿಗೆ ಮೂಲವೇನೆಂದು ಓದುಗರು ಒಂದು ಕ್ಷಣ ಯೋಚಿಸಲಿ. ಬೀಜಗಣಿತದಲ್ಲಿ ‘ಕ್ಷ’ ಎಂದರೆ ಒಂದು ಲೆಕ್ಕದ ಉದ್ದಕ್ಕೂ ಒಂದೇ ಬೆಲೆ. ಪ್ರೋಗ್ರಾಮು ಬರೆಯಲು ಕಲಿಯುವವನಾದರೋ ಮೊದಲನೆಯ ವಾರದಲ್ಲಿಯೇ ‘ಕ್ಷ = ಕ್ಷ + ೧’ ಎಂಬ ಸಾಲನ್ನು ಕಾಣುತ್ತಾನೆ. ಗಣಿತದ ಅಧ್ಯಾಪಕರು ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದುಹಾಕುವಂಥ ಸಾಲು ಇದು! ಇಲ್ಲಿ ‘ಕ್ಷ’ ಎಂಬುದು ಸಂಖ್ಯೆಯಲ್ಲ, ಪೆಟ್ಟಿಗೆ. ಅದರೊಳಗೆ ಏನಿದೆಯೆಂಬುದು ಆ ಪೆಟ್ಟಿಗೆಗೆ ಅದುವರೆಗೆ ನಡೆದುದನ್ನೆಲ್ಲ ಅವಲಂಬಿಸಿದೆ. ಆದುದರಿಂದಲೇ ಒಂಬತ್ತನೆಯವನ ಗೈರುಹಾಜರಿ ಎಲ್ಲಿಯೋ ಇದ್ದ ಇನ್ನೊಬ್ಬಳ ಲೆಕ್ಕವನ್ನು ಕೆಡಿಸಿತು.

ಪೆಟ್ಟಿಗೆಗಳೇ ಇಲ್ಲದೆ ಲೆಕ್ಕ ಮಾಡಲು ಸಾಧ್ಯವೆ? ಸಾಧ್ಯ. ಗಣಿತದಲ್ಲಿ ಫಲನ ಎಂಬುದೊಂದಿದೆ. ಒಂದು ಬೆಲೆಯನ್ನು ಕೊಟ್ಟರೆ ಅದಕ್ಕೆ ತಕ್ಕ ಒಂದು ನಿಶ್ಚಿತ ಬೆಲೆಯನ್ನು ಹಿಂದಿರುಗಿಸುವ ನಿಯಮಕ್ಕೆ ಆ ಹೆಸರು. ೩೦ ಡಿಗ್ರಿಯ ಸೈನ್ ಇಂದೂ ಅರ್ಧ, ನಾಳೆಯೂ ಅರ್ಧ. ಅದಕ್ಕೆ ಮೊದಲು ಯಾವ ಕೋನದ ಸೈನನ್ನು ಕಂಡುಹಿಡಿದಿದ್ದೆವೆಂಬುದರಿಂದ ಅದಕ್ಕೆ ಬಾಧೆಯಿಲ್ಲ. ಇಂಥ ಫಲನಗಳನ್ನು ಒಂದರೊಳಗೊಂದು ಜೋಡಿಸಿಯೇ ಪ್ರೋಗ್ರಾಮನ್ನು ಕಟ್ಟುವ ಪದ್ಧತಿಗೆ ಮೊದಲು ದಾರಿ ಮಾಡಿಕೊಟ್ಟ ಗಣಕಭಾಷೆಯೇ ಲಿಸ್ಪ್.

ಅಮೆರಿಕದ ಜಾನ್ ಮೆಕಾರ್ಥಿ ಎಂಬ ಗಣಿತಜ್ಞ ೧೯೫೮ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಇದರ ಕೆಲಸವನ್ನು ಆರಂಭಿಸಿದ. ಆ ಕಾಲದ ಯಂತ್ರಗಳು ಮುಖ್ಯವಾಗಿ ಸಂಖ್ಯೆಗಳನ್ನು ಅರೆಯುತ್ತಿದ್ದುವು. ಮೆಕಾರ್ಥಿಗೆ ಬೇಕಾಗಿದ್ದುದು ಚಿಹ್ನೆಗಳನ್ನು ನಿರ್ವಹಿಸುವ ಸಾಧನ. ಬೀಜೋಕ್ತಿಗಳ ಅವಕಲನವನ್ನು ಯಂತ್ರದಿಂದ ಮಾಡಿಸುವುದು ಹೇಗೆಂದು ಆತ ಚಿಂತಿಸಿದ್ದ. ಎರಡು ಪದಗಳ ಮೊತ್ತದ ಅವಕಲನ ಬೇಕಾದರೆ ಒಂದೊಂದು ಪದದ ಅವಕಲನವನ್ನೂ ಕಂಡುಹಿಡಿದು ಕೂಡಿಸಬೇಕಷ್ಟೆ. ಎಂದರೆ ಅವಕಲನದ ನಿಯಮ ತನ್ನೊಳಗೆ ತನ್ನನ್ನೇ ಕರೆಯುತ್ತದೆ. ಇದೇ ರಿಕರ್ಷನ್. ೧೯೬೦ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಮೆಕಾರ್ಥಿ ಕೆಲವೇ ಮೂಲ ಕ್ರಿಯೆಗಳಿಂದ ಇಡೀ ಭಾಷೆಯನ್ನು ಕಟ್ಟಿ ತೋರಿಸಿದ. ಲಿಸ್ಪ್‌ನ ಯಾವುದೇ ವಾಕ್ಯದ ಬೆಲೆಯನ್ನು ಕಂಡುಹಿಡಿಯುವ ಫಲನವೊಂದನ್ನು ಲಿಸ್ಪ್‌ನಲ್ಲಿಯೇ ಬರೆದಿದ್ದ. ಓದುವುದಕ್ಕಾಗಿ ಬರೆದದ್ದೇ ಹೊರತು ಯಂತ್ರಕ್ಕಾಗಿ ಅಲ್ಲ. ಸ್ಟೀವ್ ರಸೆಲ್ ಎಂಬ ಸಹೋದ್ಯೋಗಿ ಅದನ್ನು ಕೈಯಿಂದಲೇ ಐಬಿಎಂ ೭೦೪ ಯಂತ್ರದ ಸಂಕೇತಗಳಿಗೆ ಇಳಿಸಿಬಿಟ್ಟ. ಕಾಗದದ ಮೇಲಿದ್ದ ಗಣಿತ ಹೀಗೆ ಓಡುವ ಭಾಷೆಯಾಯಿತು.

ಲಿಸ್ಪ್ ಎಂಬ ಹೆಸರು ‘ಲಿಸ್ಟ್ ಪ್ರೊಸೆಸರ್’ ಎಂಬುದರ ಸಂಕ್ಷೇಪ. ಪಟ್ಟಿಗಳೇ ಇದರ ಜೀವಾಳ. ಎಲ್ಲವನ್ನೂ ಆವರಣದೊಳಗೆ ಬರೆಯಬೇಕು, ಮಾಡಬೇಕಾದ ಕ್ರಿಯೆ ಮೊದಲು ಬರಬೇಕು. ‘(+ ೨ ೩)’ ಎಂದರೆ ಐದು. ‘(* ೨ (+ ೩ ೪))’ ಎಂದರೆ ಹದಿನಾಲ್ಕು. ಮೊದಲು ಗುಣಿಸಬೇಕೋ ಕೂಡಿಸಬೇಕೋ ಎಂಬ ಸಂದೇಹಕ್ಕೆ ಎಡೆಯೇ ಇಲ್ಲ. ಆವರಣಗಳ ರಾಶಿಯನ್ನು ಕಂಡು ನಗುವವರಿದ್ದಾರೆ. ಒಂದು ವಾರ ಬರೆದರೆ ಕಣ್ಣು ಅವುಗಳನ್ನು ಗಮನಿಸುವುದನ್ನೇ ಬಿಡುತ್ತದೆ.

ಪಟ್ಟಿಯೊಂದರ ಮೇಲೆ ಮುಖ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳಬಹುದು: ಇದರ ಮೊದಲನೆಯದು ಯಾವುದು? ಅದನ್ನು ಬಿಟ್ಟರೆ ಉಳಿಯುವುದೇನು? ಲಿಸ್ಪ್‌ನಲ್ಲಿ ಇವುಗಳ ಹೆಸರು ಕಾರ್ ಮತ್ತು ಕುಡ್ಡರ್. ಐಬಿಎಂ ೭೦೪ರ ಸ್ಮೃತಿಯಲ್ಲಿ ಒಂದೊಂದು ಮನೆಗೂ ಅಡ್ರೆಸ್, ಡಿಕ್ರಿಮೆಂಟ್ ಎಂಬ ಭಾಗಗಳಿದ್ದುವು. ಅವುಗಳ ಆದ್ಯಕ್ಷರಗಳಿಂದ ಈ ಹೆಸರುಗಳು ಹುಟ್ಟಿದುವು. ಆ ಯಂತ್ರ ಎಂದೋ ಮರೆಯಾಯಿತು, ಹೆಸರುಗಳು ಉಳಿದಿವೆ. ನಾವು ಇಲ್ಲಿ ‘ಮೊದಲು’, ‘ಉಳಿಕೆ’ ಎಂದು ಕರೆಯೋಣ.

ಈಗ ನಮ್ಮ ಅಂಕಗಳ ಲೆಕ್ಕಕ್ಕೆ ಬರೋಣ. ಪಟ್ಟಿಯ ಮೊತ್ತವೆಂದರೇನು? ಪಟ್ಟಿ ಬರಿದಾಗಿದ್ದರೆ ಸೊನ್ನೆ. ಇಲ್ಲವಾದರೆ ಮೊದಲನೆಯದಕ್ಕೆ ಉಳಿಕೆಯ ಮೊತ್ತವನ್ನು ಕೂಡಿಸಿದಷ್ಟು. ಇದನ್ನು ಹಾಗೆಯೇ ಬರೆಯಬಹುದು:

(ಹೆಸರಿಸು (ಮೊತ್ತ ಪಟ್ಟಿ)
  (ಒಂದುವೇಳೆ (ಬರಿದೇ? ಪಟ್ಟಿ)
    ೦
    (+ (ಮೊದಲು ಪಟ್ಟಿ) (ಮೊತ್ತ (ಉಳಿಕೆ ಪಟ್ಟಿ)))))

‘ಒಂದುವೇಳೆ’ ಎಂಬುದರ ಮುಂದೆ ಮೂರು ಭಾಗಗಳಿವೆ: ಪ್ರಶ್ನೆ, ಹೌದಾದರೆ ಉತ್ತರ, ಅಲ್ಲವಾದರೆ ಉತ್ತರ. ೧೫, ೧೨, ೧೪ರ ಪಟ್ಟಿಯನ್ನು ಕೊಟ್ಟರೆ ಯಂತ್ರ ಅದನ್ನು ೧೫ + (೧೨ + (೧೪ + ೦)) ಎಂದು ಬಿಡಿಸಿಕೊಂಡು ೪೧ ಎನ್ನುತ್ತದೆ. ಕನಿಷ್ಠವೂ ಹಾಗೆಯೇ. ಪಟ್ಟಿಯಲ್ಲಿ ಒಂದೇ ಅಂಕವಿದ್ದರೆ ಅದೇ ಕನಿಷ್ಠ. ಇಲ್ಲವಾದರೆ ಮೊದಲನೆಯದು, ಉಳಿಕೆಯ ಕನಿಷ್ಠ, ಇವೆರಡರಲ್ಲಿ ಕಿರಿದಾದುದು:

(ಹೆಸರಿಸು (ಕನಿಷ್ಠ ಪಟ್ಟಿ)
  (ಒಂದುವೇಳೆ (ಬರಿದೇ? (ಉಳಿಕೆ ಪಟ್ಟಿ))
    (ಮೊದಲು ಪಟ್ಟಿ)
    (ಕಿರಿದು (ಮೊದಲು ಪಟ್ಟಿ) (ಕನಿಷ್ಠ (ಉಳಿಕೆ ಪಟ್ಟಿ)))))

(ಹೆಸರಿಸು (ಆಂತರಿಕ ಅಂಕಗಳು)
  (- (ಮೊತ್ತ ಅಂಕಗಳು) (ಕನಿಷ್ಠ ಅಂಕಗಳು)))

ಕೊನೆಯ ಎರಡು ಸಾಲುಗಳು ಕಾಲೇಜಿನ ನಿಯಮವನ್ನೇ ಓದಿದಂತಿವೆ. ಪೆಟ್ಟಿಗೆಯೆಲ್ಲಿದೆ? ಇಲ್ಲ. ಮತ್ತೆ ೨೦ನ್ನು ತುಂಬಲು ಮರೆಯುವ ಪ್ರಮೇಯವೇ ಇಲ್ಲ. ಲಿಸ್ಪ್‌ನಲ್ಲಿ ತಪ್ಪುಗಳೇ ಆಗವೆಂದು ಇದರ ಅರ್ಥವಲ್ಲ. ಬೇಕೆಂದವರಿಗೆ ಆ ಭಾಷೆಯೂ ಪೆಟ್ಟಿಗೆಗಳನ್ನು ಒದಗಿಸುತ್ತದೆ. ಪಟ್ಟಿ ಬರಿದಾದಾಗ ಏನೆಂಬುದನ್ನು ಬರೆಯಲು ಮರೆತರೆ ಲೆಕ್ಕ ಮುಗಿಯುವುದೇ ಇಲ್ಲ, ಇಲ್ಲವೆ ಯಂತ್ರ ದೋಷವೆಂದು ಸಾರಿ ನಿಂತುಬಿಡುತ್ತದೆ. ಆದರೆ ಅಂಥ ತಪ್ಪು ಒಡನೆಯೆ ಕಣ್ಣಿಗೆ ಬೀಳುತ್ತದೆ, ಸೂಚನಾ ಫಲಕದವರೆಗೆ ಹೋಗುವುದಿಲ್ಲ.

ಇಲ್ಲಿಯ ಕನ್ನಡ ಪದಗಳು ಕೇವಲ ಅನುವಾದವೆಂದು ಓದುಗರು ತಿಳಿಯಬಾರದು. ೧೯೭೫ರಲ್ಲಿ ಹುಟ್ಟಿದ ಸ್ಕೀಮ್ ಎಂಬುದು ಲಿಸ್ಪ್‌ನ ಒಂದು ಕವಲು. ಅದರ ಸಂತತಿಯ ರ‍್ಯಾಕೆಟ್‌ನಂಥ ಭಾಷೆಗಳಲ್ಲಿ ಫಲನಗಳಿಗೆ ಕನ್ನಡದ ಹೆಸರುಗಳನ್ನೇ ಇಡಬಹುದು. ‘ಡಿಫೈನ್’ ಎಂಬಲ್ಲಿ ‘ಹೆಸರಿಸು’, ‘ಇಫ್’ ಎಂಬಲ್ಲಿ ‘ಒಂದುವೇಳೆ’ ಎಂದು ಬರೆಯಲು ಅನುಮತಿ ಕೊಡುವ ಸಣ್ಣ ನಿಯಮಗಳನ್ನೂ ಆ ಭಾಷೆಯಲ್ಲಿಯೇ ಬರೆದುಕೊಳ್ಳಬಹುದು. ಮ್ಯಾಕ್ರೋ ಎಂದು ಅವುಗಳ ಹೆಸರು. ಅಂಕಿಗಳನ್ನು ಮಾತ್ರ ಇಂಗ್ಲಿಷಿನವನ್ನೇ ಒತ್ತಬೇಕು.

ಒಬ್ಬರ ಲೆಕ್ಕವಾಯಿತು. ೬೪ ಮಂದಿಗೆ? ಲಿಸ್ಪ್‌ನಲ್ಲಿ ಫಲನವನ್ನೇ ಇನ್ನೊಂದು ಫಲನಕ್ಕೆ ಸಾಮಗ್ರಿಯಾಗಿ ಕೊಡಬಹುದು. ‘ಮ್ಯಾಪ್’ ಎಂಬುದಕ್ಕೆ ಒಂದು ಫಲನವನ್ನೂ ಒಂದು ಪಟ್ಟಿಯನ್ನೂ ಕೊಟ್ಟರೆ, ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಆ ಫಲನವನ್ನು ಅನ್ವಯಿಸಿ ಉತ್ತರಗಳ ಹೊಸ ಪಟ್ಟಿಯನ್ನು ಕೊಡುತ್ತದೆ:

(ಮ್ಯಾಪ್ ಆಂತರಿಕ ತರಗತಿ)

ಇಷ್ಟೇ. ಒಬ್ಬನ ಲೆಕ್ಕಕ್ಕೂ ಇನ್ನೊಬ್ಬನದಕ್ಕೂ ಸಂಬಂಧವಿಲ್ಲವಾದ್ದರಿಂದ ಅವನ್ನು ಯಾವ ಕ್ರಮದಲ್ಲಿಯಾದರೂ ಮಾಡಬಹುದು. ೬೪ ಯಂತ್ರಗಳಿಗೆ ಹಂಚಿಯೂ ಮಾಡಬಹುದು. ಇದು ಬರಿಯ ಮಾತಲ್ಲ. ಗೂಗಲ್ ಸಂಸ್ಥೆಯ ಇಬ್ಬರು ತಂತ್ರಜ್ಞರು ಅಪಾರ ಮಾಹಿತಿಯನ್ನು ಸಾವಿರಾರು ಯಂತ್ರಗಳಿಗೆ ಹಂಚಿ ಸಂಸ್ಕರಿಸುವ ಮ್ಯಾಪ್‌ರೆಡ್ಯೂಸ್ ಎಂಬ ವಿಧಾನವನ್ನು ೨೦೦೪ರಲ್ಲಿ ಪ್ರಕಟಿಸಿದಾಗ, ಅದಕ್ಕೆ ಸ್ಫೂರ್ತಿ ಲಿಸ್ಪ್‌ನ ಈ ಕ್ರಿಯೆಗಳೇ ಎಂದು ಹೇಳಿದ್ದಾರೆ.

ಇನ್ನು ಬಸ್ಸಿನಲ್ಲಿ ನಿತ್ಯವೂ ಏಳುವ ಚಿಲ್ಲರೆಯ ಸಮಸ್ಯೆ. ಹತ್ತು, ಐದು, ಎರಡು ಮತ್ತು ಒಂದು ರೂಪಾಯಿಯ ನಾಣ್ಯಗಳು ಬೇಕಾದಷ್ಟಿವೆಯೆಂದು ಭಾವಿಸೋಣ (ನಮ್ಮ ಕಂಡಕ್ಟರು ಇದನ್ನು ಒಪ್ಪಲಾರರು). ನೂರು ರೂಪಾಯಿಗೆ ಎಷ್ಟು ಬಗೆಯಲ್ಲಿ ಚಿಲ್ಲರೆ ಕೊಡಬಹುದು? ಕಾಗದದ ಮೇಲೆ ಬರೆಯುತ್ತ ಹೋದರೆ ದಿಕ್ಕೇ ತಪ್ಪುತ್ತದೆ. ಆದರೆ ಪ್ರಶ್ನೆಯನ್ನು ಹೀಗೆ ಸೀಳಬಹುದು: ಕೊಡುವ ಚಿಲ್ಲರೆಯಲ್ಲಿ ಹತ್ತರ ನಾಣ್ಯ ಇರುತ್ತದೆ, ಇಲ್ಲವೆ ಇರುವುದಿಲ್ಲ. ಇಲ್ಲದಿದ್ದರೆ ಉಳಿದ ಮೂರು ನಾಣ್ಯಗಳಿಂದಲೇ ನೂರನ್ನು ಕೊಡಬೇಕು. ಇದ್ದರೆ ಒಂದು ಹತ್ತನ್ನು ಕೊಟ್ಟಾಯಿತು. ಇನ್ನು ತೊಂಬತ್ತನ್ನು ನಾಲ್ಕೂ ನಾಣ್ಯಗಳಿಂದ ಕೊಡಬೇಕು. ಎರಡೂ ಮೊದಲಿನದಕ್ಕಿಂತ ಚಿಕ್ಕ ಪ್ರಶ್ನೆಗಳು: ಒಂದರಲ್ಲಿ ನಾಣ್ಯಗಳ ಜಾತಿ ಕಡಮೆ, ಇನ್ನೊಂದರಲ್ಲಿ ಹಣ ಕಡಮೆ.

(ಹೆಸರಿಸು (ಬಗೆಗಳು ಹಣ ನಾಣ್ಯಗಳು)
  (ಆಯ್ಕೆ
    ((= ಹಣ ೦) ೧)
    ((< ಹಣ ೦) ೦)
    ((ಬರಿದೇ? ನಾಣ್ಯಗಳು) ೦)
    (ಇಲ್ಲವಾದರೆ
      (+ (ಬಗೆಗಳು ಹಣ (ಉಳಿಕೆ ನಾಣ್ಯಗಳು))
         (ಬಗೆಗಳು (- ಹಣ (ಮೊದಲು ನಾಣ್ಯಗಳು)) ನಾಣ್ಯಗಳು)))))

ಹಲವು ಪ್ರಶ್ನೆಗಳನ್ನು ಒಂದಾದ ಮೇಲೊಂದು ಕೇಳುವುದಕ್ಕೆ ‘ಆಯ್ಕೆ’. ಹಣ ಸರಿಯಾಗಿ ತೀರಿದರೆ ಅದೊಂದು ಬಗೆ. ಹೆಚ್ಚು ಕೊಟ್ಟುಬಿಟ್ಟರೆ, ಅಥವಾ ಹಣ ಉಳಿದು ನಾಣ್ಯಗಳ ಜಾತಿಗಳೇ ಮುಗಿದರೆ, ಅದು ಬಗೆಯಲ್ಲ. ಐದು ರೂಪಾಯಿಗೆ ಪರೀಕ್ಷಿಸಿ ನೋಡಿ: ಐದರ ಒಂದು ನಾಣ್ಯ, ಎರಡು, ಎರಡು, ಒಂದು, ಎರಡು ಮತ್ತು ಮೂರು ಒಂದುಗಳು, ಐದು ಒಂದುಗಳು. ಒಟ್ಟು ೪. ನೂರಕ್ಕೆ ಉತ್ತರ ೨೧೫೬.

ಈ ಪ್ರೋಗ್ರಾಮಿಗೆ ಒಂದು ದೌರ್ಬಲ್ಯವುಂಟು. ಅದು ಕೊನೆಯಲ್ಲಿ ಕೂಡಿಸುವುದು ಸೊನ್ನೆ ಮತ್ತು ಒಂದುಗಳನ್ನು ಮಾತ್ರ. ಆದುದರಿಂದ ೨೧೫೬ ಎಂಬ ಉತ್ತರ ಬರಬೇಕಾದರೆ ೨೧೫೬ ಸಾರಿಯಾದರೂ ‘ಒಂದು’ ಎಂಬ ಉತ್ತರವನ್ನು ತಲುಪಲೇಬೇಕು. ದಾರಿಯಲ್ಲಿ ಅದು ಕೇಳಿದ ಪ್ರಶ್ನೆಗಳನ್ನೇ ಮತ್ತೆ ಮತ್ತೆ ಕೇಳುತ್ತದೆ. ಭಿನ್ನವಾದ ಪ್ರಶ್ನೆಗಳು ವಾಸ್ತವವಾಗಿ ಎಷ್ಟಿವೆ? ಹಣ ೦ಯಿಂದ ೧೦೦ರವರೆಗೆ, ೧೦೧ ಬೆಲೆಗಳು, ನಾಣ್ಯಗಳ ಪಟ್ಟಿಗಳು ನಾಲ್ಕು, ಹೆಚ್ಚೆಂದರೆ ೪೦೪. ಒಂದೊಂದರ ಉತ್ತರವನ್ನೂ ಕೋಷ್ಟಕದಲ್ಲಿ ಬರೆದಿಟ್ಟುಕೊಂಡು, ಅದೇ ಪ್ರಶ್ನೆ ಮರಳಿ ಬಂದಾಗ ಕೋಷ್ಟಕವನ್ನೇ ನೋಡಿದರೆ ಶ್ರಮ ತಪ್ಪುತ್ತದೆ. ನಾವು ಹಿಂದೆ ಲಾಗರಿತಮ್ ಪುಸ್ತಕವನ್ನು ನಂಬಿದ್ದೂ ಹೀಗೆಯೇ. ಎರಡನೆಯ ಲಾಗರಿತಮ್ ಎಂದಿಗೂ ಬದಲಾಗದೆಂಬ ಭರವಸೆಯಿಂದ ಅದನ್ನು ಒಮ್ಮೆ ಅಚ್ಚು ಹಾಕಿಟ್ಟರು. ನಮ್ಮ ಹಳೆಯ ಪ್ರೋಗ್ರಾಮಿನ ‘ಕನಿಷ್ಠ’ಕ್ಕೆ ಕೋಷ್ಟಕವನ್ನು ಮಾಡಿಡಲು ಸಾಧ್ಯವೇ ಇರಲಿಲ್ಲ: ಅದೇ ೧೫, ೧೨, ೧೪ಕ್ಕೆ ಅದು ಒಂಬತ್ತನೆಯವನ ಮೊದಲು ಒಂದು ಉತ್ತರವನ್ನು, ನಂತರ ಇನ್ನೊಂದು ಉತ್ತರವನ್ನು ಕೊಡಬಹುದಾಗಿತ್ತು.

ಗಣಕವಿರುವ ಓದುಗರು ರ‍್ಯಾಕೆಟನ್ನು ಹಣ ಕೊಡದೆ ಪಡೆದು ಮೇಲಿನದನ್ನು ಪರೀಕ್ಷಿಸಬಹುದು. ಇಲ್ಲದವರು ಪೆನ್ಸಿಲಿನಿಂದಲೇ ಮಾಡಬಹುದು. ಇಪ್ಪತ್ತು ರೂಪಾಯಿಗೆ ಈ ನಾಲ್ಕು ನಾಣ್ಯಗಳಿಂದ ೪೦ ಬಗೆಗಳು ಬರಬೇಕು. ಈಗ ಚಲಾವಣೆಯಲ್ಲಿರುವ ಇಪ್ಪತ್ತು ರೂಪಾಯಿಯ ನಾಣ್ಯವನ್ನು ಪಟ್ಟಿಯ ಮೊದಲಿಗೆ ಸೇರಿಸಿದರೆ ೪೧ ಬರುತ್ತದೆ. ಈ ಸಲ ಅದು ಸರಿಯಾದ ಉತ್ತರವೇ.