ಉಪ್ಪು ತಾಗಿತು, ಬಲೆ ತಾನೇ ಹೆಣೆದುಕೊಂಡಿತು!

16, ಬರೀ 16 ಅಮೈನೋ ಆಮ್ಲಗಳನ್ನು ಸಾಲಾಗಿ ಪೋಣಿಸಿದ ಒಂದು ಕೃತಕ ಪೆಪ್ಟೈಡ್. ನೀರಿನಲ್ಲಿ ಕರಗಿಸಿಟ್ಟರೆ ನೀರಿನಷ್ಟೇ ತಿಳಿ. ಅದನ್ನೇ ರಕ್ತ ಒಸರುವ ಗಾಯದ ಮೇಲೆ ಬಿಡಿ: ನೋಡನೋಡುತ್ತಲೇ ಗಾಜಿನಂಥ ಜೆಲ್ಲಾಗಿ ಗಾಯವನ್ನು ಮುಚ್ಚಿಬಿಡುತ್ತದೆ! ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲು ಒಂದು ರಾತ್ರಿ ಬೇಕು. ಇದಕ್ಕೆ ಕ್ಷಣಗಳು ಸಾಕು.

ಇದನ್ನು ಯಾರೂ ಹುಡುಕಿ ಹೊರಟಿರಲಿಲ್ಲ ಎಂಬುದೇ ನನಗೆ ಮೈನವಿರೇಳಿಸುವ ಸಂಗತಿ. 1990ರ ಆಸುಪಾಸು. ಅಮೆರಿಕದ ಎಂಐಟಿಯಲ್ಲಿ, ಅಲೆಕ್ಸಾಂಡರ್ ರಿಚ್ ಅವರ ಪ್ರಯೋಗಾಲಯ. ಅಲ್ಲಿ ಸಂಶೋಧಕ ಶುಗ್ವಾಂಗ್ ಝಾಂಗ್ ಅಧ್ಯಯನ ಮಾಡುತ್ತಿದ್ದದ್ದು ಯೀಸ್ಟಿನ ಒಂದು ಪ್ರೋಟೀನನ್ನು, ಡಿಎನ್‌ಎಗೆ ಅಂಟಿಕೊಳ್ಳುವಂಥದ್ದನ್ನು. ಗಾಯಕ್ಕೂ ಅದಕ್ಕೂ ಎತ್ತಣಿಂದೆತ್ತ ಸಂಬಂಧ! ಆದರೆ ಅದರ ಒಂದು ತುಣುಕಿನಲ್ಲಿ ಅವೇ ಅಮೈನೋ ಆಮ್ಲಗಳು ತಾಳ ಹಿಡಿದಂತೆ ಮರುಕಳಿಸುತ್ತಿದ್ದವು. ಆ ತುಣುಕನ್ನಷ್ಟೇ ತಯಾರಿಸಿ, ಉಪ್ಪಿನಂಶವಿದ್ದ ದ್ರಾವಣಕ್ಕೆ ಹಾಕಿ ನೋಡಿದರೆ ಅಲ್ಲೊಂದು ತೆಳುಪೊರೆ! 1993ರಲ್ಲಿ ಲೋಕಕ್ಕೆ ಸುದ್ದಿ ತಿಳಿಯಿತು.

ಅದರದೇ ಬಳಗದ 'ರಾಡಾ16' ಇಂದು ವೈದ್ಯರ ಕೈಯಲ್ಲಿದೆ. ಆರ್ಜಿನೈನ್, ಅಲನೈನ್, ಆಸ್ಪಾರ್ಟಿಕ್ ಆಮ್ಲ, ಮತ್ತೆ ಅಲನೈನ್; ಇದೇ ಸಾಲು ನಾಲ್ಕು ಸಲ. ಆರ್ಜಿನೈನಿಗೆ ಧನ ವಿದ್ಯುದಂಶ, ಆಸ್ಪಾರ್ಟಿಕ್ ಆಮ್ಲಕ್ಕೆ ಋಣ, ನಡುವಿನ ಅಲನೈನಿಗೆ ನೀರೆಂದರಾಗದು. ಆಮ್ಲೀಯ ನೀರಿನಲ್ಲಿ ಪರಸ್ಪರ ತಳ್ಳಾಡಿಕೊಂಡು ದೂರ ನಿಂತ ಎಳೆಗಳು ರಕ್ತದ ಲವಣ ತಾಗಿದ್ದೇ ತಡ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ನಮ್ಮ ಜೀವಕೋಶಗಳ ಸುತ್ತ ಸಹಜವಾಗಿ ಇರುವ ಬಲೆಯನ್ನೇ ಹೋಲುವ ನ್ಯಾನೋ ಬಲೆ! ಜೀವಕೋಶಗಳು ಅದರೊಳಗೆ ನೆಲೆಯೂರುತ್ತವೆ. ಕೊನೆಗೆ ಬಲೆ ಅಮೈನೋ ಆಮ್ಲಗಳಾಗಿ ಒಡೆದುಹೋಗುತ್ತದೆ. ಎಂಡೋಸ್ಕೋಪಿಯಲ್ಲಿ ಕರುಳಿನ ರಕ್ತಸ್ರಾವ ತಡೆಯಲು ಬಳಸುವ 'ಪ್ಯೂರಾಸ್ಟಾಟ್' ಇದೇ. ಜೆಲ್ ಪಾರದರ್ಶಕ, ಹಾಗಾಗಿ ರಕ್ತ ಎಲ್ಲಿಂದ ಬರುತ್ತಿದೆ ಎಂಬುದು ವೈದ್ಯರಿಗೆ ಅದರ ಮೂಲಕವೇ ಕಾಣುತ್ತದೆ.

2006ರಲ್ಲಿ ಇದೇ ಬಗೆಯ ಪೆಪ್ಟೈಡನ್ನು ಹ್ಯಾಮ್‌ಸ್ಟರ್‌ಗಳ ಮಿದುಳಿನಲ್ಲಿ, ಕತ್ತರಿಸಿದ ದೃಷ್ಟಿನರಗಳ ಹಾದಿಗೆ ಬಿಟ್ಟರು. ನರತಂತುಗಳು ಸೀಳನ್ನು ದಾಟಿ ಬೆಳೆದವು, ಕುರುಡಾಗಿದ್ದ ಜೀವಗಳಿಗೆ ಮತ್ತೆ ಕಾಣತೊಡಗಿತು!

ಇನ್ನೂ ಇದೆ. 2021ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟಪ್ ಅವರ ತಂಡ ಬೆನ್ನುಹುರಿಗೆ ಪೆಟ್ಟಾಗಿ ಕಾಲು ಸೋತ ಇಲಿಗಳಿಗೆ ಬೇರೊಂದು ಬಗೆಯ ಪೆಪ್ಟೈಡಿನ ಒಂದೇ ಚುಚ್ಚುಮದ್ದು ಕೊಟ್ಟಿತು. ನಾಲ್ಕು ವಾರಗಳಲ್ಲಿ ಅವು ನಡೆದವು. ಮನುಷ್ಯರ ಬೆನ್ನುಹುರಿಗೆ ಇಲ್ಲಿಂದ ದಾರಿ ದೂರವಿದೆ, ನಿಜ. ಆದರೆ ಇಲಿಗಳು ನಡೆದ ಕಾರಣ ಕೇಳಿ: ಹೋಲಿಸಿ ನೋಡಿದ ಪೆಪ್ಟೈಡುಗಳಲ್ಲಿ ವಾಸಿಮಾಡುವ ಸಂಕೇತ ಒಂದೇ ಆಗಿದ್ದರೂ, ಎಳೆಯೊಳಗೆ ಹೆಚ್ಚು ಮಿಸುಕಾಡುವ ಅಣುಗಳೇ ಹೆಚ್ಚು ವಾಸಿಮಾಡಿದ್ದವು!